ಅತ್ತೆಯ ಅಣಬೆ ಜಾಗ

ನಮ್ಮ ಲಾಟ್ವಿಯಾದಲ್ಲಿ ಯಾರ ಬುಟ್ಟಿಯಲ್ಲಾದರೂ ಅಣಬೆ ಕಂಡರೆ ಎಲ್ಲಿ ಸಿಕ್ಕಿತು ಅಂತ ಕೇಳುವುದುಂಟು. ಕಾಡಿನಲ್ಲಿ ಅಂತ ಉತ್ತರ ಹೇಳುವುದೂ ಉಂಟು. ಅಲ್ಲಿಗೆ ಮಾತು ಮುಗಿಯಿತು. ಮನೆಯ ಜಗಳ ಬೀದಿಗೆ ತರುವವರು ಸಿಕ್ಕಾರು, ಬರವಿಕಾ ಬೆಳೆಯುವ ಜಾಗ ಹೇಳುವವರು ಸಿಗುವುದಿಲ್ಲ. ಕಂದು ಟೋಪಿಯ ಆ ದಪ್ಪ ಅಣಬೆ ನಮಗೆ ಕಾಡಿನ ರಾಜ. ಅದರ ವಿಷಯಕ್ಕೆ ಹೇಳಿದ ಸುಳ್ಳನ್ನು ನಮ್ಮೂರ ಪಾದ್ರಿಯೂ ಪಾಪದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನ ಅತ್ತೆ ವೆಲ್ತಾ ಅವರಿಗೆ ಈಗ ಎಂಬತ್ತೊಂದು. ಅವರ ಬರವಿಕಾ ಜಾಗ ನಮ್ಮ ಗುಲ್ಬೆನೆ ಪೇಟೆಯ ಸುತ್ತಮುತ್ತ ಹೆಸರುವಾಸಿ. ಎಲ್ಲಿದೆ ಅಂತ ಗೊತ್ತಿದ್ದದ್ದು ಅವರೊಬ್ಬರಿಗೇ. ಮಗ, ಅಂದರೆ ನನ್ನ ಗಂಡ ಓಯಾರ್ಸನಿಗೂ ಹೇಳಿರಲಿಲ್ಲ. ಅವನ ಬಾಯಿಗೆ ಬೀಗವಿಲ್ಲ ಅಂತ ಕಾರಣ, ಅದು ನಿಜವೂ ಹೌದು. ಆದರೆ ನಾನು? ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷ. ಅವರ ಹಸು ಕರೆದಿದ್ದೇನೆ, ಕಪ್ಪು ರೈ ಬ್ರೆಡ್ಡಿನ ಹಿಟ್ಟು ಹುಳಿಬರಿಸುವುದನ್ನು ಅವರಿಂದಲೇ ಕಲಿತಿದ್ದೇನೆ, ಮಂಡಿ ಆಪರೇಷನ್ ಆದಾಗ ಆರು ವಾರ ಸ್ನಾನ ಮಾಡಿಸಿದ್ದೇನೆ. ನನಗೇನು ಅಣಬೆಯ ಹಪಾಹಪಿ ಇರಲಿಲ್ಲ. ಆ ಜಾಗ ಈ ಮನೆಯಲ್ಲಿ ಅತ್ತೆಯಿಂದ ಸೊಸೆಗೆ ಬರುವಂಥದ್ದು. ಅವರಿಗೂ ಹಾಗೇ ಬಂದದ್ದು. ನನಗೆ ಹೇಳದೆ ಇರುವಷ್ಟು ದಿನ ನಾನು ಈ ಮನೆಯವಳೇ ಅಲ್ಲ ಅನ್ನಿಸಿ ಹೊಟ್ಟೆ ಉರಿಯುತ್ತಿತ್ತು.

ಮಹಡಿಯ ಎರಡು ಕೋಣೆಗಳನ್ನು ನಾನು ಪ್ರವಾಸಿಗರಿಗೆ ಕೊಡುತ್ತೇನೆ. ಹೋದ ಸೆಪ್ಟೆಂಬರಿನಲ್ಲಿ ಇಟಲಿಯಿಂದ ರೆಂಜೊ, ಲೊರೆದಾನಾ ಅನ್ನುವ ಗಂಡಹೆಂಡತಿ ಬಂದರು. ನಿಮ್ಮ ದೇಶ ಅಂದರೆ ಏನು ಅಂತ ತೋರಿಸಿ ಅಂದರು. ನನ್ನ ಹರುಕುಮುರುಕು ಇಂಗ್ಲಿಷಿನಲ್ಲೇ ತೋರಿಸಿದೆ. ಜೌಗಿನ ಮೇಲಿನ ಹಲಗೆ ದಾರಿಯಲ್ಲಿ ನಡೆಸಿದೆ, ಊರಿನ ಹಾಡಿನ ಮೇಳದ ಅಭ್ಯಾಸಕ್ಕೆ ಕರೆದುಕೊಂಡು ಹೋಗಿ ಕೂರಿಸಿದೆ. ಅಂಚೆಯಣ್ಣನಿಂದ ಹಿಡಿದು ದನದ ಡಾಕ್ಟರ್ ತನಕ ಎಲ್ಲರೂ ನಿಂತು ಹಾಡುವುದನ್ನು ಕಂಡು ಲೊರೆದಾನಾ ಕಣ್ಣೊರೆಸಿಕೊಂಡಳು.

ಮೂರನೆಯ ದಿನ ನಾನು ಪೇಟೆಗೆ ಹೋಗಿ ಮಧ್ಯಾಹ್ನ ಬಂದರೆ ಅಡುಗೆಮನೆಯ ಮೇಜಿನ ಮೇಲೆ ಮೂರು ಬುಟ್ಟಿ ಬರವಿಕಾ. ಅತ್ತೆ ಚಾಕು ಹಿಡಿದು ಮಣ್ಣು ಕೆರೆಯುತ್ತಿದ್ದರು. ಅತಿಥಿಗಳ ಮಂಡಿಯ ತುಂಬ ಪಾಚಿ. ಒಬ್ಬರ ಮಾತು ಒಬ್ಬರಿಗೆ ಬಾರದೆ ಮೂವರೂ ಮೂರು ಗಂಟೆ ಕಾಡಿನಲ್ಲಿ ಸುಖವಾಗಿದ್ದು ಬಂದಿದ್ದರು.

"ಇವರನ್ನ ಆ ಜಾಗಕ್ಕೆ ಕರ್ಕೊಂಡು ಹೋದ್ರಾ ಅತ್ತೆ?"

"ಹೂಂ. ನನಗೆ ಬಗ್ಗೋಕಾಗಲ್ಲ. ಕೊಯ್ಯೋಕೆ ಯಾರಾದ್ರೂ ಬೇಕಲ್ಲ."

"ನಾನೇನು ಸತ್ತಿದ್ನಾ?"

"ಇವರು ಗುರುವಾರ ಹೋಗ್ಬಿಡ್ತಾರೆ ಕಣೆ ಜಿಂತ್ರಾ. ಇವರಿಗೆ ಪೈನ್ ಮರ ಎಲ್ಲಾ ಒಂದೇ ಥರ. ನೀನು ಇಲ್ಲೇ ಇರ್ತೀಯ."

ನಾನು ಆಲೂಗಡ್ಡೆ ಹೆರೆಯಲು ಕೂತೆ. ಆ ಸಿಟ್ಟಿನಲ್ಲಿ ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಯಿತು.

ಅಣಬೆ ಕೆನೆಯಲ್ಲಿ ಬೇಯುವಾಗ ರೆಂಜೊ ಫೋನಿನಲ್ಲಿ ಫೋಟೊ ತೋರಿಸಲು ಬಂದ. ಒಂದೊಂದು ಅಣಬೆಗೂ ಒಂದೊಂದು ಫೋಟೊ. ಫೋಟೊ ತೆಗೆದ ಜಾಗವನ್ನೂ ಫೋನು ಗುರುತು ಹಾಕಿಕೊಂಡಿದೆ, ನಕ್ಷೆ ತೆಗೆಯಲೇ ಅಂತ ಕೇಳಿದ. ಇಪ್ಪತ್ತಾರು ವರ್ಷ ಸಿಗದ ಜಾಗ ಅವನ ಹೆಬ್ಬೆರಳ ಕೆಳಗಿತ್ತು. ಆಸೆಯಾಗಲಿಲ್ಲ ಅಂದರೆ ಸುಳ್ಳಾದೀತು, ಕೈ ಮುಂದಕ್ಕೆ ಹೋಗಿಯೂ ಬಿಟ್ಟಿತ್ತು. ಆದರೆ ಹೀಗೆ ಕದ್ದು ನೋಡಿದರೆ ಜಾಗವಷ್ಟೇ ನನ್ನದಾಗುತ್ತಿತ್ತು, ಅತ್ತೆ ಕೊಟ್ಟದ್ದು ಅಂತ ಆಗುತ್ತಿರಲಿಲ್ಲ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ. ರೆಂಜೊಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವನ ತಾತನೂ ಅಣಬೆಯ ಜಾಗ ಯಾರಿಗೂ ಹೇಳದೆ ಸತ್ತವನಂತೆ. ನಗುತ್ತಾ ಅಷ್ಟೂ ಫೋಟೊ ಅಳಿಸಿಹಾಕಿದ.

ಏನದು ಅಂತ ಅತ್ತೆ ಕೇಳಿದರು. ಹೇಳಿದೆ. ಉಳಿದ ಅಣಬೆ ಕೆರೆಯುತ್ತಿದ್ದ ಅವರ ಚಾಕು ನಿಂತಿತು.

"ನೀನು ನೋಡಿದ್ಯಾ?"

"ಇಲ್ಲ."

ಅಣಬೆಯ ವಿಷಯದಲ್ಲಿ ಇಲ್ಲ ಅನ್ನುವ ಮಾತಿಗೆ ನಮ್ಮಲ್ಲಿ ಕವಡೆ ಕಿಮ್ಮತ್ತಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಊಟ ಮುಗಿಯುವ ತನಕ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ಬೆಳಗ್ಗೆ ಎದ್ದರೆ ಬಾಗಿಲ ಬಳಿ ನನ್ನ ರಬ್ಬರ್ ಬೂಟು ಜೋಡಿಸಿಟ್ಟಿತ್ತು. ಅತ್ತೆ ಕೋಲು ಹಿಡಿದು ಅಂಗಳದಲ್ಲಿ ನಿಂತಿದ್ದರು. ಹುಲ್ಲುಗಾವಲು ದಾಟಿ ಕಾಡಿನ ಬಾಯಿಗೆ ಬಂದೆವು. ಅಲ್ಲಿಂದ ಮೂರು ದಾರಿ ಒಡೆಯುತ್ತದೆ.

"ಈಗ ನೀನು ಮುಂದೆ ನಡಿ" ಅಂದರು.

ಪರೀಕ್ಷೆ ಅಂತ ತಿಳಿಯಿತು. ನಕ್ಷೆ ನೋಡಿದವಳಾದರೆ ಕಾಲು ತಾನಾಗಿ ಅತ್ತ ಹೊರಳೀತು ಅನ್ನುವುದು ಅವರ ಎಣಿಕೆ.  ನೋಡದ ನಾನು ಅದೃಷ್ಟ ಕೆಟ್ಟು ಸರಿದಾರಿಯನ್ನೇ ಹಿಡಿದುಬಿಟ್ಟರೆ? ಆಮೇಲೆ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದರೂ ನಂಬುವವರಿಲ್ಲ. ದಾರಿ ತಪ್ಪಿಸಪ್ಪಾ ಅಂತ ದೇವರನ್ನು ಬೇಡಿಕೊಂಡದ್ದು ಜೀವನದಲ್ಲಿ ಅದೊಂದೇ ಸಲ. ಕಣ್ಣು ಮುಚ್ಚಿ ಎಡಕ್ಕೆ ನಡೆದೆ.

ಹತ್ತು ಹೆಜ್ಜೆ ಹೋದ ಮೇಲೆ ಬೆನ್ನ ಹಿಂದೆ ಅತ್ತೆ ನಗುವುದು ಕೇಳಿಸಿತು.

"ಅಲ್ಲಿ ಕಪ್ಪೆ ಸಿಗತ್ತೆ, ದಡ್ಡಿ. ಬಾ ಇಲ್ಲಿ."

ಬಂದು ನನ್ನ ತೋಳು ಹಿಡಿದರು. ಯಾವ ದಾರಿ ಹಿಡಿದೆವು, ಎಷ್ಟು ದೂರ ಹೋದೆವು, ಯಾವ ಮರದ ಹತ್ತಿರ ತಿರುಗಿದೆವು ಅಂತ ಇಲ್ಲಿ ಬರೆಯಲಾರೆ. ಪಾಚಿಯ ಮೇಲೆ ಎಳೆಬಿಸಿಲು ಬಿದ್ದಿತ್ತು. ಅತ್ತೆ ಉಸಿರು ಬಿಟ್ಟು ಕೂತರು.

"ನನ್ನತ್ತೆ ನಂಗೆ ಈ ಜಾಗ ತೋರಿಸಿದ್ದು ಆಗಸ್ಟಲ್ಲಿ" ಅಂದರು. "ಅದೇ ನವೆಂಬರಲ್ಲಿ ಹೋಗ್ಬಿಟ್ರು. ನಿಂಗೆ ಹೇಳಿದ್ರೆ ನನ್ನ ಸರದಿನೂ ಬರತ್ತೆ ಅಂತ ಹೆದರಿಕೆ ಕಣೆ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ."

ಇಷ್ಟು ವರ್ಷ ನಾನು ಹೊಟ್ಟೆಯಲ್ಲಿಟ್ಟುಕೊಂಡು ಬೈದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

"ನಿಮ್ಮ ಹೊಸ ಮಂಡಿಗೆ ಡಾಕ್ಟ್ರು ಇಪ್ಪತ್ತು ವರ್ಷ ಬಾಳಿಕೆ ಹೇಳಿದ್ದಾರೆ" ಅಂದೆ. "ಮಂಡಿ ಬಿಟ್ಟು ನೀವೊಬ್ರೇ ಎಲ್ಲಿಗೆ ಹೋಗ್ತೀರಿ?"

ಅತ್ತೆ ಕಾಡು ಮಾರ್ದನಿಸುವಂತೆ ನಕ್ಕರು. ಆಮೇಲೆ ತಮ್ಮ ಚಾಕು ನನ್ನ ಕೈಗಿಟ್ಟರು.

"ಬುಡ ಕೊಯ್ದು ಪಾಚಿ ಮುಚ್ಚು. ನಾನು ಬರೋಕಾಗದ ವರ್ಷ, ಎಷ್ಟು ಸಿಕ್ತು ಅಂತ ನಂಗೆ ಮಾತ್ರ ನಿಜ ಹೇಳು."

ಆಗಲಿ ಅಂತ ಮಂಡಿಯೂರಿ ಕೂತೆ. ಕಣ್ಣಲ್ಲಿ ನೀರು ತುಂಬಿಕೊಂಡು ಅಣಬೆ ಯಾವುದು, ಒಣಗಿದೆಲೆ ಯಾವುದು ಒಂದೂ ಕಾಣಲಿಲ್ಲ. ಅತ್ತೆಯೇ ಕೋಲು ಚಾಚಿ ತೋರಿಸಬೇಕಾಯಿತು.