ನೀಲಿಯಲ್ಲಿ ಒಂದು ಕೆಂಪು ಗೆರೆ

ತಂಗಿಗೆ ಟಿಬಿ ಇರಲಿ ಎಂದು ಯಾರಾದರೂ ಬೇಡಿಕೊಳ್ಳುತ್ತಾರಾ? ನಾನು ಬೇಡಿಕೊಂಡೆ. ನಾನು ಕೆಲಸ ಮಾಡುವ ಆಸ್ಪತ್ರೆ ಲ್ಯಾಬಿನಲ್ಲಿ ಕೂತು, ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ನಾಚಿಕೆ ಬಿಟ್ಟು ಬೇಡಿಕೊಂಡೆ.

ಅವಳ ಕತ್ತಿನಲ್ಲಿ ಗಂಟು. ಕೆಮ್ಮಿಲ್ಲ, ಕಫವಿಲ್ಲ. ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆ ಎಂದರೆ ಕಫದ ಡಬ್ಬಿ, ಅಷ್ಟೇ. ಸರ್ಜನ್ನು ನನ್ನೊಬ್ಬಳನ್ನೇ ಬಾಗಿಲ ಹೊರಗೆ ಕರೆದು, "ಟಿಬಿ ಆಗಿದ್ರೆ ಮಾತ್ರೆಯಲ್ಲೇ ವಾಸಿಯಾಗುತ್ತೆ. ಅಲ್ದಿದ್ರೆ ಕ್ಯಾನ್ಸರ್ ಇರಬಹುದು" ಎಂದರು. ಇದನ್ನು ತಂಗಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಅವರು ಗಂಟಿನಿಂದ ಒಂದು ಚೂರು ತೆಗೆದರು. ತೆಗೆದವರು ಕೈರೂಢಿಯಂತೆ ಫಾರ್ಮಾಲಿನ್ ಬಾಟಲಿಗೆ ಹಾಕಿಬಿಟ್ಟರು. ಮಾಂಸ ಕೆಡದಂತೆ ಕಾಯುವ ಆ ದ್ರವ ರೋಗಾಣುವನ್ನು ಕೊಂದುಹಾಕುತ್ತದೆ. ಇನ್ನು ಅದನ್ನು ಬೆಳೆಸಿ ನೋಡುವ ಮಾತೇ ಇಲ್ಲ. ಚೂರು ದೊಡ್ಡಾಸ್ಪತ್ರೆಗೆ ಹೋಯಿತು, ಅಲ್ಲಿಂದ ಉತ್ತರ ಯಾವಾಗಲೋ ದೇವರಿಗೇ ಗೊತ್ತು. ನನಗೆ ಮೈಯೆಲ್ಲ ಉರಿದುಹೋಯಿತು. "ಸಲೈನ್‌ಗೆ ಹಾಕಿ ಅಂತ ಹೇಳಿದ್ನಲ್ಲ ಸಾರ್" ಎಂದೆ. ಅವರು ತಲೆ ಕೆರೆದುಕೊಂಡರು.

ಇನ್ನೊಮ್ಮೆ, ಈ ಸಲ ಸೂಜಿ ಹಾಕಿ ಗಂಟಿನೊಳಗಿನ ಕೀವು ತೆಗೆಯಬೇಕು ಎಂದಾಗ ತಂಗಿ ಮುಖ ಊದಿಸಿದಳು.

"ನನ್ನ ಕತ್ತೇನು ನಿಮ್ಮಾಸ್ಪತ್ರೆ ನಲ್ಲೀನಾ ಅಕ್ಕಾ, ಬೇಕಾದಾಗ ತಿರುಗಿಸೋಕೆ?"

"ಒಂದೇ ಹನಿ ಕಣೇ."

ಬೈಯುತ್ತಲೇ ಕತ್ತು ಚಾಚಿದಳು.

ಆ ಹನಿಯನ್ನು ಸ್ಲೈಡಿನ ಮೇಲೆ ಸವರಿ, ಕೆಂಪು ಬಣ್ಣ ಸುರಿದು ಕಾಯಿಸಿ, ಆಸಿಡ್‌ನಲ್ಲಿ ತೊಳೆದು, ನೀಲಿ ಹಾಕಿದೆ. ಟಿಬಿ ರೋಗಾಣು ಮಹಾ ಹಠಮಾರಿ, ಆಸಿಡ್ ಬಿದ್ದರೂ ಹಿಡಿದ ಕೆಂಪನ್ನು ಬಿಡುವುದಿಲ್ಲ. ಉಳಿದದ್ದೆಲ್ಲ ನೀಲಿ. ಸರಿಸಿದಷ್ಟೂ ಮುಗಿಯದ, ಮುಂಜಾವಿನ ಆಕಾಶದಂಥ ನೀಲಿ. ಗಂಟಿನ ಕೀವಿನಲ್ಲಿ ರೋಗಾಣು ಕಣ್ಣಿಗೆ ಬೀಳುವುದೇ ಅಪರೂಪ. ಫ್ಯಾನು ಗುಂಯ್‌ಗುಡುತ್ತಿತ್ತು. ಕೂತಿದ್ದೇನೋ ತೇಲುತ್ತಿದ್ದೇನೋ ತಿಳಿಯದಾಯಿತು. ಆ ನೀಲಿಯೊಳಗೆ ತಂಗಿ ಪುಟ್ಟ ಹುಡುಗಿಯಾಗಿ ಬಂದು ಬೆನ್ನು ತಿರುಗಿಸಿ ಕೂತು, ಜಡೆ ಹಾಕು ಎಂದು ಪೀಡಿಸುತ್ತಿದ್ದಳು. ನಾನು ಹೆಣೆಯುತ್ತಿದ್ದೆ, ಜಡೆ ಉದ್ದವಾಗುತ್ತಲೇ ಇತ್ತು, ಅದರ ತುದಿಯಲ್ಲೆಲ್ಲೋ ಕೆಂಪು.

ಬೆಚ್ಚಿ ನೋಡಿದೆ. ಕೆಂಪು ಗೆರೆಯೊಂದು, ಕೊಂಚ ಬಾಗಿದ್ದು. ನಿಜವೋ, ನನ್ನ ಆಸೆಯೋ? ಇಷ್ಟು ಬಯಸಿದ ಕಣ್ಣನ್ನು ನಂಬಲು ನನಗೇ ಧೈರ್ಯವಾಗಲಿಲ್ಲ.

ಪಕ್ಕದ ಮೇಜಿನ ಟೆಕ್ನಿಶಿಯನ್ನನ್ನು ಕರೆದೆ. ಯಾವುದನ್ನೂ ಸುಲಭಕ್ಕೆ ಒಪ್ಪದ ಅವರಿಗೆ ನಾವಿಟ್ಟ ಹೆಸರು ಅನುಮಾನದಣ್ಣ. ಯಾರ ಸ್ಲೈಡೆಂದು ಹೇಳದೆ, ಗೆರೆ ಕಂಡ ಜಾಗ ಸಿಗದಂತೆ ಸ್ಲೈಡನ್ನೂ ಸರಿಸಿ ಕೊಟ್ಟೆ. ಅವರು ನೋಡಿದರು, ಕನ್ನಡಕ ಒರೆಸಿದರು, ಮತ್ತೆ ನೋಡಿದರು.

"ಇದೆ. ಒಂದಲ್ಲ, ಮೂರಿದೆ. ಟಿಬಿನೇ," ಎಂದರು. "ಪಾಪ, ಯಾರೋ ಏನೋ."

ಹೊರಗೆ ಓಡಿದೆ. ಬೆಂಚಿನ ಮೇಲಿದ್ದ ತಂಗಿಯನ್ನು ತಬ್ಬಿಕೊಂಡು, "ಟಿಬಿ ಕಣೇ, ಟಿಬಿನೇ" ಎಂದೆ. ಅವಳ ಕಣ್ಣಲ್ಲಿ ನೀರು ತುಂಬಿತು.

"ನಂಗೆ ಟಿಬಿ ಅಂತ ಹೇಳ್ತಾ ನಗ್ತಿದ್ದೀಯಲ್ಲ, ನಿಂಗೇನು ಹುಚ್ಚಾ?"

ಆಗ, ಇಷ್ಟು ದಿನ ನುಂಗಿಕೊಂಡಿದ್ದ ಆ ಇನ್ನೊಂದು ಹೆಸರನ್ನು ಅವಳ ಕಿವಿಯಲ್ಲಿ ಹೇಳಿದೆ. ಅವಳ ಅಳು ನಿಂತಿತು. ನನ್ನ ಬೆನ್ನಿಗೊಂದು ಗುದ್ದಿದಳು, ಜೋರಾಗಿಯೇ. ಆ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

"ಇದನ್ನ ಒಬ್ಳೇ ಹೊತ್ಕೊಂಡು ಓಡಾಡ್ತಿದ್ದೆಯಾ?" ಎಂದಳು.