ಅಣಬೆಯಮ್ಮನ ದಿಮ್ಮಿಗಳು

ಅವಳನ್ನು ಬೀದಿಯವರೆಲ್ಲ ಅಣಬೆಯಮ್ಮ ಎಂದೇ ಕರೆಯುತ್ತಿದ್ದರು. ಕಾಡಿನಿಂದ ಯಾರು ಅಣಬೆ ತಂದರೂ ಮೊದಲು ಅವಳ ಅಡುಗೆಮನೆಯ ಮೇಜಿನ ಮೇಲೆ ಸುರಿದು, ಅವಳು ಹೂಂ ಅಂದಮೇಲೆಯೇ ಒಲೆ ಹಚ್ಚುತ್ತಿದ್ದರು. ಮೂವತ್ತು ವರ್ಷದಲ್ಲಿ ಒಬ್ಬರ ಹೊಟ್ಟೆಯೂ ಕೆಟ್ಟಿರಲಿಲ್ಲ. ಗಂಡ ಬಡಗಿ. ಅವನಿಗೆ ಮರ ಗೊತ್ತಿತ್ತು, ಅಣಬೆ ಗೊತ್ತಿರಲಿಲ್ಲ. "ತಟ್ಟೆಗೆ ಬಿದ್ದದ್ದನ್ನ ತಿನ್ನೋದಷ್ಟೇ ನನ್ನ ಕೆಲಸ" ಎನ್ನುತ್ತಿದ್ದ.

ಅವಳ ಮರೆವು ಮೊದಲು ಉಪ್ಪಿನಲ್ಲಿ ಕಾಣಿಸಿಕೊಂಡಿತು, ಆಮೇಲೆ ಹೆಸರುಗಳಲ್ಲಿ. ಒಂದು ಬೆಳಿಗ್ಗೆ ಅವಳು ಬುಟ್ಟಿ ತುಂಬ ಬಿಳಿ ಅಣಬೆ ತಂದು ಹೆಚ್ಚುತ್ತ ಕೂತಿದ್ದಾಗ ಅವಳ ತಂಗಿ ಬಂದಳು. ನೋಡಿದವಳೇ ಚಾಕು ಕಿತ್ತುಕೊಂಡಳು.

"ಭಾವ, ಇದು ವಿಷದ್ದು! ಚಿಕ್ಕವಳಿದ್ದಾಗ ಇದನ್ನ ಮುಟ್ಟಿದ್ದಕ್ಕೆ ಅಕ್ಕನೇ ನನಗೆ ಬಾರಿಸಿದ್ದಳು."

ಅಂದೇ ಬಡಗಿ ಬಾಗಿಲಿಗೆ ಅವಳ ಕೈಗೆ ಎಟುಕದಷ್ಟು ಮೇಲೆ ಚಿಲಕ ಜಡಿದ. ಅವಳು ಅದರ ಕೆಳಗೆ ನಿಂತು ಅಳುತ್ತಿದ್ದಳು. ಅದನ್ನು ನೋಡಲಾರದೆ ಅವನು, ಅವಳಿಗೆ ಇಷ್ಟವಾದ ಒಂದು ಜಾತಿಯನ್ನಾದರೂ ಹಿತ್ತಿಲಾಚೆ, ಕಾಡು ಶುರುವಾಗುವ ನೆರಳಿನಲ್ಲಿ ಬೆಳೆಸಲು ಹೊರಟ. ಕಂದು ಟೊಪ್ಪಿಯ, ಗೊಂಚಲಾಗಿ ಏಳುವ ಅಣಬೆ. ಅದು ವರ್ಷವರ್ಷ ಏಳುತ್ತಿದ್ದ ಕೊಳೆತ ಬೊಡ್ಡೆಯಿಂದ, ಅಣಬೆಯ ಬೇರಿನಂಥ ಬಿಳಿ ನೂಲು ಹಬ್ಬಿದ ಚೂರುಗಳನ್ನು ಕಿತ್ತು ತಂದು, ಹಬೆಯಲ್ಲಿ ಬೇಯಿಸಿ ಆರಿಸಿದ ಮರದ ಹೊಟ್ಟಿನಲ್ಲಿ ಕಲಸಿಟ್ಟ. ನೂಲು ಹಬ್ಬಿ ಆ ಹೊಟ್ಟು ಪೂರ್ತಿ ಬೆಳ್ಳಗಾದ ಮೇಲೆ ಹಸಿ ದಿಮ್ಮಿಗಳಿಗೆ ಗೇಣಿಗೊಂದರಂತೆ ತೂತು ಕೊರೆದು, ಅದನ್ನು ತುಂಬಿ, ಮೇಣ ಸವರಿದ. ಹೆಂಡತಿ ಮೇಣದ ಪಾತ್ರೆ ಹಿಡಿದು ಪಕ್ಕದಲ್ಲಿ ಕೂತಿದ್ದಳು.

"ನೀವು ಹಲ್ಲಿನ ಡಾಕ್ಟರಾ?"

"ಹೌದು. ನನ್ನ ರೋಗಿಗಳು ಕೂಗಾಡಲ್ಲ, ನೋಡು."

ಇಬ್ಬರೂ ಕೂಡಿ ನಕ್ಕದ್ದು ಅದೇ ಕೊನೆ.

ಎರಡು ವರ್ಷ ಅವನು ಇಪ್ಪತ್ತೆರಡು ದಿಮ್ಮಿಗಳಿಗೆ ನೀರು ಹೊತ್ತ. ಅಷ್ಟರಲ್ಲಿ ಅವಳಿಗೆ ಗುಂಡಿ ಹಾಕಿಕೊಳ್ಳಲು ಬಾರದಾಯಿತು. ಕನ್ನಡಿಯೊಳಗಿನ ಹೆಂಗಸಿಗೆ ಕುರ್ಚಿ ಕೊಡಿ ಎನ್ನತೊಡಗಿದಳು.

ಕೊನೆಗೂ ಅಣಬೆ ಎದ್ದಿತು. ಬಡಗಿ ಬಗ್ಗಿ ನೋಡಿದ. ಒಂದೇ ದಿಮ್ಮಿಯಲ್ಲಿ ಕೆಲವುಗಳ ಕಾಂಡ ಒರಟು, ಕೆಲವುಗಳದು ನುಣುಪು. ಟೊಪ್ಪಿ ಒಂದೇ, ಬಣ್ಣ ಒಂದೇ. ಇದನ್ನೇ ಹೋಲುವ ಇನ್ನೊಂದಿದೆ, ಅದನ್ನು ತಿಂದವರು ಉಳಿಯುವುದಿಲ್ಲ ಎಂದು ಅವಳು ಹಿಂದೊಮ್ಮೆ ಹೇಳಿದ್ದಳು. ಗುರುತು ಹೇಗೆಂದು ಅವನು ಕೇಳಿರಲಿಲ್ಲ. ಅವಳಿರುವಾಗ ತನಗೇಕೆ ಅಂದುಕೊಂಡಿದ್ದ. ತಂಗಿಗೆ ತೋರಿಸಿದರೆ, "ನನಗೆ ಆ ಬಿಳೀದೊಂದೇ ಗೊತ್ತು ಭಾವ" ಎಂದಳು.

ಹೆಂಡತಿಯ ಕೈಹಿಡಿದು ಕರೆತಂದ. ಅವಳು ಒರಟು ಕಾಂಡದ್ದನ್ನು ಮೂಸಿದಳು. ಮುಖ ಅರಳಿತು.

"ಇದು ನಮ್ಮದೇ."

ಅವನಿಗೆ ಹೋದ ಜೀವ ಬಂದಂತಾಯಿತು. ನುಣುಪಾದದ್ದನ್ನು ಕೊಟ್ಟ. "ಇದು?"

"ಇದೂ ನಮ್ಮದೇ."

ಅವನು ಕೆಳಗಿನಿಂದ ಒಂದು ಕಲ್ಲು ಆರಿಸಿ ಅವಳ ಅಂಗೈಯಲ್ಲಿಟ್ಟ. ಅವಳು ಅದನ್ನೂ ಅಷ್ಟೇ ಪ್ರೀತಿಯಿಂದ ಮೂಸಿದಳು.

"ಇದೂ ನಮ್ಮದೇ. ಬೇಗ ಬೇಯಿಸಿ."

ಅವನು ಅವಳನ್ನು ಒಳಗೆ ಕೂರಿಸಿ, ತಂಗಿಗೆ ಒಪ್ಪಿಸಿ, ಕೊಡಲಿ ತಂದ. ದಿಮ್ಮಿಗಳನ್ನು ಹಾಗೇ ಬಿಟ್ಟರೆ ಎಂದಾದರೂ ಅವಳು ನುಸುಳಿ ಬಂದು ತಿಂದಾಳು. ಮೊದಲ ಏಟಿಗೆ ಮರ ಮೆತ್ತಗೆ ಸೀಳಿತು. ಒಳಗೆಲ್ಲ ಬಿಳಿ ನೂಲು ನೇಯ್ದಂತೆ ಹಬ್ಬಿತ್ತು. ಕೆಲಸ ಚೆನ್ನಾಗಿಯೇ ಹಿಡಿದಿತ್ತು. ಅವನು ಮುಂದಿನದನ್ನು ಎಳೆದುಕೊಂಡ.

ಏಳನೆಯದನ್ನು ಸೀಳುವಾಗ ಕಿಟಕಿಯ ಗಾಜನ್ನು ದಬದಬ ಬಡಿದ ಸದ್ದಾಯಿತು. ಹೆಂಡತಿ ಒಳಗಿನಿಂದ ಗಂಟಲು ಹರಿಯುವಂತೆ ಕೂಗುತ್ತಿದ್ದಳು.

"ಅಯ್ಯೋ, ಯಾರೋ ನಮ್ಮ ಮರ ಕಡೀತಿದ್ದಾನೆ! ನಮ್ಮನೆಯವರನ್ನ ಕರೀರಿ! ಎಲ್ಲಿ ಹೋದ್ರು ಅವರು?"

ತಂಗಿ ಅವಳನ್ನು ಹಿಂದಕ್ಕೆಳೆಯಲು ಹೆಣಗುತ್ತಿದ್ದಳು. ಬಡಗಿ ತಿರುಗಿ ನೋಡಲಿಲ್ಲ. ಇನ್ನೂ ಹದಿನೈದು ಉಳಿದಿದ್ದವು.