ನಿಲ್ದಾಣದ ಹೆಸರುಗಳು

ಕಿರ್ಗಿಜ್ ನಾಡಿನ ಓಶ್ ಊರಿನಲ್ಲಿ ಕಂಪ್ಯೂಟರ್ ಕೆಲಸ ಬಲ್ಲವರನ್ನೆಲ್ಲ ಒಂದು ಕಡೆ ಕೂಡಿಸಬೇಕೆಂದು ಬೆಗಾಯಿಮ್ ಮತ್ತು ಮುಹಾಯ್ಯೊ ಹೊರಟಾಗ ಅವರಿಗೆ ಸಿಕ್ಕಿದ್ದು ಮುಚ್ಚಿಹೋಗಿದ್ದ ಒಂದು ಫೋಟೊ ಸ್ಟುಡಿಯೊ. ಮುಹಾಯ್ಯೊಳ ಅಣ್ಣನದು ಅದು. ಕಿರ್ಗಿಜರಿಗೂ ಉಜ್ಬೆಕರಿಗೂ ನಡೆದ ಆ ಜೂನ್ ತಿಂಗಳ ಗಲಭೆಯಾದ ಮೇಲೆ ರಷ್ಯಾಕ್ಕೆ ಹೋದವನು ತಿರುಗಿ ಬಂದು ಬಾಗಿಲು ತೆಗೆದಿರಲಿಲ್ಲ. ಇಬ್ಬರೂ ಸೇರಿ ಕಸ ಗುಡಿಸಿದರು, ಯಾರೋ ಎಸೆದಿದ್ದ ಬೆಂಚುಗಳನ್ನು ಹೊತ್ತು ತಂದರು. ಗೋಡೆಗೆ ತೂಗುಬಿಟ್ಟಿದ್ದ ಜಲಪಾತದ ಚಿತ್ರದ ಪರದೆಯನ್ನು ಮಾತ್ರ ತೆಗೆಯಲಿಲ್ಲ. ಅದರ ಹಿಂದಿನ ಗೋಡೆ ಇನ್ನೂ ಕೆಟ್ಟದಾಗಿತ್ತು.

ಬೆಗಾಯಿಮ್ ಕಿರ್ಗಿಜರವಳು. ಮನೆಯಲ್ಲೇ ಕೂತು ಪರದೇಶದ ಕಂಪನಿಯೊಂದಕ್ಕೆ ಪ್ರೋಗ್ರಾಮ್ ಬರೆಯುತ್ತಿದ್ದಳು. ಉಜ್ಬೆಕರವಳಾದ ಮುಹಾಯ್ಯೊ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ನಮ್ಮ ಊರಿನಲ್ಲಿ ಈ ಎರಡೂ ಜನಾಂಗದವರು ಪಕ್ಕಪಕ್ಕದಲ್ಲೇ ಬದುಕುತ್ತಾರೆ, ಒಂದೇ ಪೇಟೆಯಲ್ಲಿ ಕೊಳ್ಳುತ್ತಾರೆ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತದೆ. ಆದರೂ ಆ ಜೂನ್ ಆದಮೇಲೆ ಆಡುವ ಮಾತನ್ನು ಎರಡು ಸಲ ತೂಗುವುದು ಎಲ್ಲರಿಗೂ ಅಭ್ಯಾಸವಾಗಿದೆ. ಪ್ರತಿ ಭಾನುವಾರ ಸೇರುವ ಸ್ಟುಡಿಯೊದಲ್ಲಿ ಮಾತ್ರ ಯಾರೂ ತೂಗುತ್ತಿರಲಿಲ್ಲ. ಯಾವ ಭಾಷೆ ಬಾಯಿಗೆ ಬಂತೋ ಅದರಲ್ಲಿ ಜಗಳವಾಡುತ್ತಿದ್ದರು, ಅದೂ ಪ್ರೋಗ್ರಾಮಿನ ಕೋಡ್ ಬಗ್ಗೆ.

ಒಂದು ವರ್ಷ ಕಳೆಯುವಷ್ಟರಲ್ಲಿ ಬೆಂಚು ಸಾಲದಾಯಿತು. ಎಲ್ಲರೂ ಸೇರಿ ಏನಾದರೂ ಮಾಡೋಣವೆಂದು ಊರಿನ ಬಾಡಿಗೆ ವ್ಯಾನುಗಳ ನಕ್ಷೆ ಹಿಡಿದರು. ಯಾವ ನಂಬರಿನ ವ್ಯಾನು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಡ್ರೈವರುಗಳ ತಲೆಯಲ್ಲಿತ್ತೇ ಹೊರತು ಎಲ್ಲೂ ಬರೆದಿರಲಿಲ್ಲ. ಹುಡುಗರು ಮೂರು ಮೂರು ಜನ ವ್ಯಾನು ಹತ್ತಿ ಫೋನು ಹಿಡಿದು ಊರೆಲ್ಲ ಸುತ್ತಿದರು. ಆ್ಯಪ್ ಬರೆದವನು ಕಿರ್ಗಿಜರ ಹುಡುಗ ಎರ್ಮೆಕ್. ವಯಸ್ಸು ಚಿಕ್ಕದು, ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಉಜ್ಬೆಕರು ಹೆಚ್ಚಿರುವ ಹಳೇ ಮೊಹಲ್ಲಾಗಳಲ್ಲಿ ನಿಲ್ದಾಣಗಳಿಗೆ ಬೋರ್ಡಿರಲಿಲ್ಲ. ಜನ ಕರೆಯುವ ಹೆಸರುಗಳೇ ಹೆಸರು. ಅವನ್ನು ಮುಹಾಯ್ಯೊ ತನ್ನ ತಾಯಿಯ ಜೊತೆ ಬಾಗಿಲು ಬಾಗಿಲು ತಟ್ಟಿ ಕೇಳಿ ತಂದಳು. ಕಡಿದು ಎಷ್ಟೋ ಕಾಲವಾದ ಜೋಡಿ ಹಿಪ್ಪುನೇರಳೆ ಮರ, ಸತ್ತು ಎಷ್ಟೋ ಕಾಲವಾದ ಒಬ್ಬ ಕ್ಷೌರಿಕ, ಬತ್ತಿದ ಒಂದು ಕಾಲುವೆ, ಎಲ್ಲ ನಕ್ಷೆಗೆ ಬಂದವು. ಉಜ್ಬೆಕರು ಹೇಳಿದ್ದನ್ನು ಉಜ್ಬೆಕಿನಲ್ಲೇ ಹಾಕಿದಳು.

ಅದೇ ದಿನಗಳಲ್ಲಿ ಊರಿನ ಕಚೇರಿಯಿಂದ ಒಬ್ಬ ಅಧಿಕಾರಿ ಸ್ಟುಡಿಯೊಕ್ಕೆ ಬಂದು ಚಹಾ ಕುಡಿದು ಹೋದ. ಹೊಸದಾಗಿ ಕಟ್ಟಿದ ಯುವಕರ ಭವನದಲ್ಲಿ ಇವರಿಗೊಂದು ದೊಡ್ಡ ಕೋಣೆ ಕೊಡಿಸುವುದಾಗಿ ಹೇಳಿದ. ಬಾಡಿಗೆ ಇಲ್ಲ, ಚಳಿಗೆ ಹೀಟರ್ ಇದೆ. ಬೆಗಾಯಿಮ್ ಆ ವಾರವೆಲ್ಲ ಕುರ್ಚಿ ಎಲ್ಲಿಡುವುದು, ಹಲಗೆ ಎಲ್ಲಿ ತೂಗುಹಾಕುವುದು ಎಂದೇ ಯೋಚಿಸಿದಳು.

ಅಷ್ಟರಲ್ಲಿ ಎರ್ಮೆಕ್ ಗ್ರೂಪಿನಲ್ಲಿ ನಕ್ಷೆಯ ಚಿತ್ರ ಹಾಕಿ ಕೆಳಗೆ ಬರೆದ: "ಇದು ಓಶಾ, ಇಲ್ಲ ಗಡಿಯಾಚೆಯ ಅಂದಿಜಾನಾ?" ಅಂದಿಜಾನ್ ಉಜ್ಬೆಕರ ದೇಶದ ಊರು. ನಗುವ ಮುಖವನ್ನೂ ಅಂಟಿಸಿದ್ದ. ಕೆಲವರು ನಕ್ಕರು. ಯಾರೋ ಆ ಚಿತ್ರವನ್ನು ಹೊರಗೆ ಹಂಚಿದರು. ಸಂಜೆಯ ಹೊತ್ತಿಗೆ ಗುರುತು ಪರಿಚಯ ಇಲ್ಲದವರೆಲ್ಲ ನಕ್ಷೆ ಮಾಡಿದವರ ಜನ್ಮ ಜಾಲಾಡುತ್ತಿದ್ದರು. ಮುಹಾಯ್ಯೊಳ ಫೋಟೊವನ್ನೂ ಹಾಕಿದರು, ಅವಳ ಶಾಲೆಯ ಹೆಸರಿನ ಸಮೇತ.

ಮರುದಿನ ಬೆಳಗ್ಗೆ ಬೆಗಾಯಿಮ್‌ಗೆ ಅಧಿಕಾರಿಯ ಫೋನು ಬಂತು.

"ಮಗಳೇ, ನಾನು ಹೀಗೆ ಮಾಡು ಹಾಗೆ ಮಾಡು ಅನ್ನೋದಿಲ್ಲ. ನೀನು ತಿಳಿದವಳು. ಹೊಸ ಕಟ್ಟಡಕ್ಕೆ ಗಲಾಟೆ ಹೊತ್ಕೊಂಡು ಬರಬೇಡಿ, ಅಷ್ಟೇ."

ಬೆಗಾಯಿಮ್ ಲ್ಯಾಪ್‌ಟಾಪ್ ತೆರೆದಳು. ಹೆಸರುಗಳ ಪದರವನ್ನು ಮರೆಮಾಡಲು ಒಂದು ಗುಂಡಿ ಸಾಕಾಗಿತ್ತು. ಮೊಹಲ್ಲಾಗಳ ಮೇಲೆ ಬರೀ ಚುಕ್ಕೆಗಳು ಉಳಿದವು. ಗ್ರೂಪಿನಲ್ಲಿ ಮಾತು ತಣ್ಣಗಾಯಿತು. ಅವಳಿಗೆ ಮೊದಲು ಸಮಾಧಾನವೇ ಆಯಿತು. ಆಮೇಲೆ, ಮುಹಾಯ್ಯೊಗೆ ಹೇಗೆ ಹೇಳುವುದೆಂಬ ಚಿಂತೆ ಶುರುವಾಯಿತು.

ಹೇಳುವ ಅಗತ್ಯ ಬೀಳಲಿಲ್ಲ. ಭಾನುವಾರ ಮುಹಾಯ್ಯೊ ಎಲ್ಲರಿಗಿಂತ ಮೊದಲೇ ಸ್ಟುಡಿಯೊದಲ್ಲಿದ್ದಳು.

"ಅಳಿಸಿದೆಯಾ?" ಎಂದಳು.

"ಅಳಿಸಿಲ್ಲ. ಮುಚ್ಚಿಟ್ಟಿದೀನಿ. ಗಲಾಟೆ ತಣ್ಣಗಾಗಲಿ ಅಂತ. ನಿನ್ನ ಹೆಸರು ಹಿಡಿದು ಬಯ್ತಿದ್ರು, ನೋಡೋಕಾಗ್ಲಿಲ್ಲ."

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."

"ಹೂಂ, ಅಂತಿದ್ದೆ." ಮುಹಾಯ್ಯೊ ಚಹಾದ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸಿದಳು. "ಒಬ್ಬ ಅಜ್ಜಿ ಬಾಗಿಲೇ ತೆಗೀಲಿಲ್ಲ, ಗೊತ್ತಾ? ಒಳಗಿಂದಾನೇ ಕೇಳಿದ್ಲು, ಯಾರಿಗೆ ಬರ್ಕೊಳ್ತಿದೀಯ ಇದನ್ನ, ಯಾರ ಕೈಗೆ ಕೊಡ್ತೀಯ ಅಂತ. ನಮ್ಮೂರ ಮಕ್ಕಳೇ ಮಾಡ್ತಿರೋದು ಅಜ್ಜಿ, ಹೆದರಬೇಡ ಅಂದೆ. ಬೆಗಾಯಿಮ್ ನನ್ನ ಗೆಳತಿ ಅಂದೆ. ಈಗ ಹೋಗಿ ಏನು ಹೇಳ್ಲಿ?"

ಅಷ್ಟರಲ್ಲಿ ಹುಡುಗರು ಒಬ್ಬೊಬ್ಬರಾಗಿ ಬರತೊಡಗಿದರು. ಮುಹಾಯ್ಯೊ ಅವರಿಗೆಲ್ಲ ಚಹಾ ಕೊಟ್ಟಳು, ಕೊನೆಯವರೆಗೂ ಇದ್ದಳು, ಯಾರ ಮೇಲೂ ದನಿ ಎತ್ತಲಿಲ್ಲ. ಹೊರಡುವಾಗ "ಹೊಸ ಕೋಣೆಗೆ ಹೋಗಿ. ಇಲ್ಲಿ ಚಳಿ" ಎಂದಳು.

ಹೋದರು. ಕೋಣೆ ಚೆನ್ನಾಗಿತ್ತು. ಕುರ್ಚಿಗಳಿಗೆ ಇನ್ನೂ ಪ್ಲಾಸ್ಟಿಕ್ ಹೊದಿಕೆ ಇತ್ತು. ಮುಹಾಯ್ಯೊ ಬರಲಿಲ್ಲ. ಮುಂದಿನ ವಾರ ಅವಳ ಮೊಹಲ್ಲಾದ ಹುಡುಗರು ಬರಲಿಲ್ಲ. ಒಬ್ಬನಿಗೆ ಮದುವೆಮನೆ, ಒಬ್ಬನಿಗೆ ನೆಗಡಿ, ಒಬ್ಬನಿಗೆ ಅಂಗಡಿಯಲ್ಲಿ ಕೆಲಸ. ಆಮೇಲೆ ನೆಪ ಹೇಳುವುದನ್ನೂ ಬಿಟ್ಟರು.

"ಎಜೆ, ಅವರು ಅಷ್ಟಕ್ಕೇ ಮುನಿಸ್ಕೊಂಡ್ರೆ ನಾವೇನು ಮಾಡೋಕಾಗುತ್ತೆ?" ಎಂದ ಎರ್ಮೆಕ್. ಅಕ್ಕ ಎಂದು ಪ್ರೀತಿಯಿಂದಲೇ ಕರೆಯುತ್ತಿದ್ದ. "ನಾನು ತಮಾಷೆಗೆ ಬರೆದಿದ್ದು."

"ತಮಾಷೆ ಆಮೇಲೆ ಎಲ್ಲಿಗೆ ಹೋಯ್ತು, ನೋಡಿದೆಯಲ್ಲ."

"ನಾನು ಕಳಿಸಿದ್ನಾ?"

ಬೆಗಾಯಿಮ್ ಕೊನೆಗೆ ಮುಹಾಯ್ಯೊಳ ಮನೆಗೆ ಹೋದಳು. ಮೊದಲೆಲ್ಲ ಅವಳು ಬಂದರೆ "ತಡ ಯಾಕೆ ಮಾಡಿದೆ" ಎಂದು ಗದರಿ, ಪಲಾವಿಗೆ ಕ್ಯಾರೆಟ್ ಹೆಚ್ಚಲು ಕೂರಿಸುತ್ತಿದ್ದ ಮುಹಾಯ್ಯೊಳ ತಾಯಿ ಇಂದು ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು ಸ್ವಾಗತಿಸಿದಳು. ಬಾಗಿಲಿಂದ ದೂರದ ಗೌರವದ ಜಾಗದಲ್ಲಿ ಕೂರಿಸಿದಳು. ಬಿಸಿ ರೊಟ್ಟಿ ಮುರಿದಿಟ್ಟಳು, ಏಪ್ರಿಕಾಟ್ ಇಟ್ಟಳು.

"ಖೋಲಾ, ನನ್ನ ಮೇಲೆ ಸಿಟ್ಟಾ ನಿಮಗೆ?" ಎಂದಳು ಬೆಗಾಯಿಮ್. ಚಿಕ್ಕಮ್ಮ ಎಂದು ಹಾಗೆ ಕರೆಯುವುದು ಅವಳಿಗೆ ಮೊದಲಿನಿಂದಲೂ ರೂಢಿ.

"ಸಿಟ್ಟು ಯಾಕಮ್ಮ? ತಗೊಳ್ಳಿ, ತಿನ್ನಿ. ನಿಮ್ಮ ತಾಯಿ ಆರಾಮವಾಗಿದಾರಾ?"

ಬಹುವಚನ ಕೇಳಿ ಬೆಗಾಯಿಮ್ ಕೈಗೆತ್ತಿಕೊಂಡಿದ್ದ ರೊಟ್ಟಿಯನ್ನು ಮತ್ತೆ ತಟ್ಟೆಯಲ್ಲಿಟ್ಟಳು. ಪಕ್ಕದ ಕೋಣೆಯಲ್ಲಿ ಮುಹಾಯ್ಯೊ ಮೊಹಲ್ಲಾದ ನಾಲ್ಕೈದು ಹೆಣ್ಣುಮಕ್ಕಳನ್ನು ಒಂದು ಹಳೇ ಲ್ಯಾಪ್‌ಟಾಪಿನ ಸುತ್ತ ಕೂರಿಸಿಕೊಂಡು ಪಾಠ ಹೇಳುತ್ತಿದ್ದಳು. ಮುಗಿಸಿ ಹೊರಗೆ ಬಂದಳು.

"ಹೆಸರುಗಳನ್ನ ವಾಪಸ್ ಹಾಕ್ತೀನಿ," ಎಂದಳು ಬೆಗಾಯಿಮ್. "ನೀನು ಬಾ."

"ಹಾಕು. ಹಾಕಬೇಕಾದ್ದೇ. ಅದಕ್ಕೂ ನಾನು ಬರೋದಕ್ಕೂ ಗಂಟು ಹಾಕಬೇಡ. ಶಾಲೇಲಿ ನನ್ನನ್ನ ಕರೆದು ನಕ್ಷೆ ವಿಷಯ ಕೇಳಿದ್ರು ಬೆಗಾಯಿಮ್. ಕೆಲಸ ಹೋಗ್ಲಿಲ್ಲ, ದೇವರು ದೊಡ್ಡವನು. ಆದ್ರೆ ಕೇಳಿದ್ರು."

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಕುರ್ಚಿ ಜೋಡಿಸ್ತಿದ್ದೆ."

ಆ ಭಾನುವಾರವೇ ಬೆಗಾಯಿಮ್ ಎಲ್ಲರೆದುರು ಹೆಸರುಗಳನ್ನು ಮತ್ತೆ ತೆರೆದಳು. ಎರ್ಮೆಕ್ ವಾದ ಮಾಡಿದ, ಕೆಂಪಾದ, ಬ್ಯಾಗು ಹೆಗಲಿಗೇರಿಸಿ ಹೊರಟ. ಅವನ ಹಿಂದೆ ಅರ್ಧ ಕೋಣೆ ಎದ್ದಿತು. ವಾರದೊಳಗೆ ಭವನದವರು ಕೋಣೆ ಬೇರೆ ಕಾರ್ಯಕ್ರಮಕ್ಕೆ ಬೇಕೆಂದರು. ಸ್ಟುಡಿಯೊ ಆಗಲೇ ಫೋನು ರಿಪೇರಿಯವನ ಪಾಲಾಗಿತ್ತು. ಉಳಿದವರು ಬೆಗಾಯಿಮ್‌ಳ ಸೋದರತ್ತೆಯ ಹೊಲಿಗೆ ಅಂಗಡಿಯಲ್ಲಿ, ಯಂತ್ರಗಳ ನಡುವೆ ಸ್ಟೂಲು ಹಾಕಿಕೊಂಡು ಸೇರತೊಡಗಿದರು. ಬೈಗುಳಗಳು ಇನ್ನೂ ಬರುತ್ತಿದ್ದವು, ಈಗ ಅವಳ ಹೆಸರಿಗೆ. ಓದುತ್ತಿದ್ದಳು, ಉತ್ತರಿಸುತ್ತಿರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಮುಹಾಯ್ಯೊಳಿಂದ ಒಂದು ಸಂದೇಶ ಬಂತು. ಕ್ಷೇಮ ಸಮಾಚಾರವೇನೂ ಇರಲಿಲ್ಲ: "ಶುಕ್ರವಾರ ನಮಾಜಿನ ಹೊತ್ತಿಗೆ ಮಸೀದಿ ರಸ್ತೆ ಮುಚ್ಚಿರುತ್ತೆ. ವ್ಯಾನು ಹಿಂದಿನ ಬೀದೀಲಿ ಹೋಗುತ್ತೆ. ಸರಿಮಾಡಿ."

ಬೆಗಾಯಿಮ್ ಕೈಯಲ್ಲಿದ್ದ ಕೆಲಸ ಬಿಟ್ಟು ಅದನ್ನು ಸರಿಮಾಡಿದಳು. "ಮಾಡಿದೆ. ಇನ್ನೇನಾದ್ರೂ ತಪ್ಪಿದ್ರೆ ಹೇಳು" ಎಂದು ಬರೆದಳು. ಮುಹಾಯ್ಯೊ ಅದನ್ನು ಓದಿದ್ದು ಪರದೆಯ ಮೇಲೆ ಕಂಡಿತು. ಉತ್ತರ ಬರಲಿಲ್ಲ. ಬೆಗಾಯಿಮ್ ಫೋನು ಕೆಳಗಿಟ್ಟು, ಭಾನುವಾರದ ಕೂಟಕ್ಕೆಂದು ಅತ್ತೆಯ ಅಂಗಡಿಯ ಬೀಗದಕೈ ಇಸಿದುಕೊಳ್ಳಲು ಎದ್ದಳು.